ಗಣಿಯ ಕ್ರೈಸ್ತರು ಮತ್ತು ಹಾಲಿನ ಪುಡಿ

ಕೆಜಿಎಫ್‌ನ ಕ್ರೈಸ್ತರ ಬಗ್ಗೆ ನಮ್ಮ ಕಡೆ ಒಂದು ಸಿದ್ಧ ಕತೆ ಇದೆ. ಬಂಗಾರಪೇಟೆಯ ಟೀ ಅಂಗಡಿಯಲ್ಲೂ ಅದೇ, ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗೋ ರೈಲಿನಲ್ಲೂ ಅದೇ, ಮೊಬೈಲಿಗೆ ಬಂದು ಬೀಳೋ ಫಾರ್ವರ್ಡುಗಳಲ್ಲೂ ಅದೇ. ಬ್ರಿಟಿಷರು ಚಿನ್ನ ಅಗೆಯೋಕೆ ಬಂದರು. ಜೊತೆಗೆ ಪಾದ್ರಿಗಳನ್ನು ಕರ್ಕೊಂಡು ಬಂದರು. ಹಸಿದ ಕೂಲಿಗಳಿಗೆ ಅಕ್ಕಿ, ಗೋಧಿ, ಹಾಲಿನ ಪುಡಿ ಕೊಟ್ಟು ಮತ ಬದಲಾಯಿಸಿದರು. ಹೋಗುವಾಗ ಚಿನ್ನ ತಗೊಂಡು ಹೋದರು, ಚರ್ಚು ಬಿಟ್ಟು ಹೋದರು. ಅಲ್ಲಿಗೆ ಕತೆ ಮುಗೀತು. ನೂರಿಪ್ಪತ್ತು ವರ್ಷದ ಚರಿತ್ರೆ, ನಾಲ್ಕೈದು ವಾಕ್ಯ.

ಇದಕ್ಕೆ ಉತ್ತರವಾಗಿ ಚರ್ಚುಗಳ ಕಡೆಯಿಂದಲೂ ಒಂದು ಸಿದ್ಧ ಕತೆ ಇದೆ. ಯಾವುದಾದರೂ ಶತಮಾನೋತ್ಸವದ ಸ್ಮರಣ ಸಂಚಿಕೆ ತೆಗೆದು ನೋಡಿ. ಮೊದಲು ಬಿಷಪರ ಸಂದೇಶ, ಆಮೇಲೆ ಶಾಸಕರ ಸಂದೇಶ, ಅದಾದ ಮೇಲೆ ಯುರೋಪಿನಿಂದ ಬಂದ ಗುರುಗಳ ಸಾಲು ಸಾಲು ಫೋಟೋ. ಅವರು ಶಾಲೆ ಕಟ್ಟಿದರು, ಆಸ್ಪತ್ರೆ ಕಟ್ಟಿದರು. ಕಿಟೆಲ್ ಕನ್ನಡಕ್ಕೆ ನಿಘಂಟು ಕೊಟ್ಟರು, ಮೋಗ್ಲಿಂಗ್ ಮೊದಲ ಪತ್ರಿಕೆ ಕೊಟ್ಟರು. ಇಷ್ಟೆಲ್ಲ ಮಾಡಿದವರನ್ನು ಬೈಯಬಹುದೇ ಅನ್ನೋದು ಅದರ ತಾತ್ಪರ್ಯ.

ನಾನು ಭಾನುವಾರ ಚರ್ಚಿಗೆ ಹೋಗುವವನು. ನನಗೆ ಪಕ್ಷಪಾತ ಇದೆ ಅಂತ ಮೊದಲೇ ಹೇಳಿಬಿಡ್ತೀನಿ. ಆದರೂ ಈ ಎರಡೂ ಕತೆಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದವು ಅನ್ನೋದು ನನ್ನ ತಕರಾರು. ಎರಡರಲ್ಲೂ ಕೆಲಸ ಮಾಡುವವನು ಬಿಳಿಯ. ಒಂದರಲ್ಲಿ ಅವನು ಮೋಸಗಾರ, ಇನ್ನೊಂದರಲ್ಲಿ ಉಪಕಾರಿ. ಭೂಮಿಯ ಕೆಳಗೆ ಇಳಿದು ಕಲ್ಲು ಒಡೆದವನಿಗೆ ಎರಡರಲ್ಲೂ ಸಿಗುವ ಪಾತ್ರ ಒಂದೇ: ಕೈಚಾಚಿ ನಿಲ್ಲೋದು. ಅವನಿಗೂ ಒಂದು ತಲೆ ಇತ್ತು, ಅದರಲ್ಲಿ ದೇವರ ಬಗ್ಗೆ, ಜಾತಿಯ ಬಗ್ಗೆ, ಸಾವಿನ ಬಗ್ಗೆ ಯೋಚನೆಗಳಿದ್ದವು ಅನ್ನೋದನ್ನು ಎರಡೂ ಕತೆಗಳು ಮರೆತಿವೆ. ಕ್ರೈಸ್ತ ಚರಿತ್ರೆಯನ್ನು ಸಮರ್ಥಿಸಬೇಕಾದರೆ ಈ ಮರೆವಿನಿಂದ ಅದನ್ನು ಬಿಡಿಸಬೇಕು. ಪಾದ್ರಿಗಳ ಮಾನ ಕಾಪಾಡುವುದು ನನ್ನ ಉದ್ದೇಶ ಅಲ್ಲ.

ಮೊದಲು ಹಾಲಿನ ಪುಡಿಯ ಲೆಕ್ಕ ಚುಕ್ತಾ ಮಾಡೋಣ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಕೆಲಸ ಶುರು ಮಾಡಿದ್ದು 1880ರಲ್ಲಿ. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯ ದಲಿತ ಕುಟುಂಬಗಳು ಬಂದು ಲೈನ್‌ಗಳಲ್ಲಿ ನೆಲೆಸಿದ್ದು, ಚರ್ಚುಗಳು ಎದ್ದಿದ್ದು ಅದರ ನಂತರದ ದಶಕಗಳಲ್ಲಿ. ಅಮೆರಿಕದ ಹಾಲಿನ ಪುಡಿ, ಗೋಧಿ ನಮ್ಮ ದೇಶಕ್ಕೆ ದೊಡ್ಡ ಪ್ರಮಾಣದಲ್ಲಿ ಬಂದಿದ್ದು 1950-60ರ ದಶಕಗಳಲ್ಲಿ, ಅದೂ ಭಾರತ ಸರ್ಕಾರದ ಒಪ್ಪಿಗೆ ಮೇಲೆ. ಆ ಹೊತ್ತಿಗೆ ಗಣಿಯ ಕ್ರೈಸ್ತರು ಎರಡು ಮೂರು ತಲೆಮಾರು ಕಂಡಿದ್ದರು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಶಕ್ಕೆ ತಗೊಂಡಿತು, ಬ್ರಿಟಿಷ್ ಕಂಪನಿಯ ಆಳ್ವಿಕೆಯೇ ಮುಗಿಯಿತು. ಅಜ್ಜ ಕ್ರೈಸ್ತನಾದದ್ದಕ್ಕೆ ಮೊಮ್ಮಗ ಕುಡಿದ ಹಾಲು ಕಾರಣ ಅಂದರೆ ಏನು ಹೇಳೋದು?

ಇನ್ನೊಂದು ಮಾತು. ಸರ್ಕಾರಿ ಶಾಲೆಯಲ್ಲಿ ಕೇರ್ ಸಂಸ್ಥೆಯ ಉಪ್ಪಿಟ್ಟು ತಿಂದು, ಆ ಹಾಲು ಕುಡಿದು ಬೆಳೆದವರು ಕರ್ನಾಟಕದ ತುಂಬ ಇದ್ದಾರೆ. ಈಗ ಅರವತ್ತು ಎಪ್ಪತ್ತು ವರ್ಷದವರನ್ನು ಕೇಳಿ, ಆ ಉಪ್ಪಿಟ್ಟಿನ ವಾಸನೆ ಇವತ್ತಿಗೂ ನೆನಪಿದೆ ಅಂತಾರೆ. ಅದನ್ನು ತಿಂದು ಯಾರ ಜಾತಿಯೂ ಕೆಡಲಿಲ್ಲ, ಯಾರ ಮತವೂ ಬದಲಾಗಲಿಲ್ಲ. ಅದೇ ಉಪ್ಪಿಟ್ಟು ಬೇರೆಯವರ ಹೊಟ್ಟೆಗೆ ಹೋದರೆ ನೆನಪು, ಕೆಜಿಎಫ್‌ನ ದಲಿತನ ಹೊಟ್ಟೆಗೆ ಹೋದರೆ ಆಮಿಷ. ಈ ವ್ಯತ್ಯಾಸ ಉಪ್ಪಿಟ್ಟಿನದಲ್ಲ, ನೋಡುವವರ ಕಣ್ಣಿನದು.

ಎರಡನೇ ತಪ್ಪು ತಿಳಿವಳಿಕೆ ಇದಕ್ಕಿಂತ ದೊಡ್ಡದು: ಕ್ರೈಸ್ತ ಧರ್ಮ ಅಂದರೆ ಬ್ರಿಟಿಷರ ಸಾಮಾನು ಅನ್ನೋದು. ಸಂತ ತೋಮ ಮಲಬಾರಿಗೆ ಬಂದ ಅನ್ನೋದು ನಂಬಿಕೆಯ ವಿಷಯ, ಅದನ್ನು ಬಿಡೋಣ. ಆದರೆ 6ನೇ ಶತಮಾನದ ಕಾಸ್ಮಾಸ್ ಎಂಬ ಪ್ರವಾಸಿ ಮಲಬಾರಿನ ಕ್ರೈಸ್ತರನ್ನು ಹೆಸರಿಸುತ್ತಾನೆ. ಕ್ರಿ.ಶ. 849ರ ತರಿಸಾಪಳ್ಳಿ ತಾಮ್ರಶಾಸನ ಕೊಲ್ಲಂನ ಚರ್ಚಿಗೆ ಕೊಟ್ಟ ಹಕ್ಕುಗಳನ್ನು ದಾಖಲಿಸುತ್ತದೆ. ನಮ್ಮ ಶ್ರೀರಂಗಪಟ್ಟಣಕ್ಕೆ ಇಟಲಿಯ ಜೆಸ್ವಿತ್ ಪಾದ್ರಿಗಳು ಬಂದದ್ದು 17ನೇ ಶತಮಾನದ ಮಧ್ಯದಲ್ಲಿ, ಮೈಸೂರು ಒಡೆಯರ ಕಾಲದಲ್ಲಿ. ಪ್ಲಾಸಿ ಯುದ್ಧಕ್ಕೆ ಆಗ ಇನ್ನೂ ನೂರು ವರ್ಷ ಇತ್ತು.

ಬ್ರಿಟಿಷರು ಬಂದ ಮೇಲಾದರೂ ಕಂಪನಿ ಸರ್ಕಾರ ಪಾದ್ರಿಗಳನ್ನು ಕೆಂಪು ಕಂಬಳಿ ಹಾಸಿ ಕರೆಯಿತೇ? ಇಲ್ಲ. ಈಸ್ಟ್ ಇಂಡಿಯಾ ಕಂಪನಿಗೆ ಬೇಕಿದ್ದದ್ದು ವ್ಯಾಪಾರ, ಕಂದಾಯ. ಧರ್ಮದ ಗಲಾಟೆ ಆದರೆ ಎರಡಕ್ಕೂ ನಷ್ಟ. 1793ರಲ್ಲಿ ಬಂದ ವಿಲಿಯಂ ಕೇರಿ ಕೊನೆಗೆ ನೆಲೆ ಕಂಡದ್ದು ಡೆನ್ಮಾರ್ಕಿನವರ ಕೈಲಿದ್ದ ಶ್ರೀರಾಂಪುರದಲ್ಲಿ. ಕಂಪನಿಯ ನೆಲದಲ್ಲಿ ಮಿಷನರಿಗೆ ಜಾಗ ಇರಲಿಲ್ಲ. 1806ರಲ್ಲಿ ನಮ್ಮ ಪಕ್ಕದ ವೇಲೂರಿನಲ್ಲಿ ಸಿಪಾಯಿಗಳು ಪೇಟ, ನಾಮ, ವಿಭೂತಿಯ ವಿಷಯಕ್ಕೆ ದಂಗೆ ಎದ್ದಾಗ ಕಂಪನಿ ಇನ್ನೂ ಹೆದರಿತು. 1813ರಲ್ಲಿ ಲಂಡನ್ನಿನ ಪಾರ್ಲಿಮೆಂಟು ಒತ್ತಾಯ ಮಾಡಿದ ಮೇಲಷ್ಟೇ ಬಾಗಿಲು ತೆರೆಯಿತು. ಇನ್ನೊಂದು ಕಡೆ ಅದೇ ಕಂಪನಿ ದಕ್ಷಿಣದ ಸಾವಿರಾರು ದೇವಸ್ಥಾನಗಳ ಆಡಳಿತ ನೋಡಿಕೊಳ್ಳುತ್ತಿತ್ತು, ಉತ್ಸವಗಳಿಗೆ ಸೈನ್ಯದ ಗೌರವ ಕೊಡಿಸುತ್ತಿತ್ತು. ಇದು ಸರಿಯಲ್ಲ ಅಂತ ಜಗಳವಾಡಿ ಮದ್ರಾಸಿನ ಸೇನಾಧಿಪತಿ ಪೆರೆಗ್ರಿನ್ ಮೇಟ್ಲೆಂಡ್ 1838ರಲ್ಲಿ ಕೆಲಸವನ್ನೇ ಬಿಟ್ಟ. ‘ಒಂದು ಕೈಲಿ ಬೈಬಲ್, ಒಂದು ಕೈಲಿ ಕತ್ತಿ’ ಅನ್ನೋ ಚಿತ್ರಕ್ಕೆ ಈ ಸಂಗತಿಗಳು ಹೊಂದೋದಿಲ್ಲ.

ಹಾಗಂತ ಮಿಷನರಿಗಳಿಗೂ ಸಾಮ್ರಾಜ್ಯಕ್ಕೂ ಸಂಬಂಧವೇ ಇರಲಿಲ್ಲ ಅಂದರೆ ಅದೂ ಸುಳ್ಳು. ಬಿಳಿಯರ ಚರ್ಚುಗಳ ಚಾಪ್ಲಿನ್‌ಗಳಿಗೆ ಇಲ್ಲಿಯ ಬೊಕ್ಕಸದಿಂದ ಸಂಬಳ ಹೋಗುತ್ತಿತ್ತು. 1854ರ ನಂತರ ಮಿಷನ್ ಶಾಲೆಗಳಿಗೆ ಅನುದಾನ ಸಿಕ್ಕಿತು. ಬಿಳಿ ಚರ್ಮ ಇದ್ದವನಿಗೆ ಕಲೆಕ್ಟರ ಬಂಗಲೆಯ ಬಾಗಿಲು ಸಲೀಸಾಗಿ ತೆರೆಯುತ್ತಿತ್ತು. ಇದನ್ನೆಲ್ಲ ಒಪ್ಪಿಕೊಳ್ಳೋಣ. ಆದರೆ ಮಿಷನರಿಗಳೆಲ್ಲ ಬ್ರಿಟಿಷರೂ ಅಲ್ಲ. ಮೈಸೂರು ಸೀಮೆಯ ಕ್ಯಾಥೊಲಿಕರನ್ನು ನೋಡಿಕೊಳ್ಳುತ್ತಿದ್ದದ್ದು ಪ್ಯಾರಿಸ್ಸಿನ ಫ್ರೆಂಚ್ ಗುರುಗಳು. ಕೋಲಾರದ ಮೆಥಡಿಸ್ಟರು ಅಮೆರಿಕದವರು. ಗಣಿಗೆ ಜನ ಬಂದ ಉತ್ತರ ಆರ್ಕಾಟಿನಲ್ಲಿ 1853ರಿಂದ ಇದ್ದ ಆರ್ಕಾಟ್ ಮಿಷನ್ನೂ ಅಮೆರಿಕದ್ದೇ. ಕರಾವಳಿ, ಧಾರವಾಡದ ಬಾಸೆಲ್ ಮಿಷನ್ನಿನವರು ಜರ್ಮನರು, ಸ್ವಿಸ್ಸರು. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಅದೇ ಬಾಸೆಲ್ಲಿನ ಜರ್ಮನ್ ಪಾದ್ರಿಗಳನ್ನು ಹಿಡಿದು ಶಿಬಿರಕ್ಕೆ ಹಾಕಿತು. ಪಾದ್ರಿ ಅಂದರೆ ಬ್ರಿಟಿಷರ ಏಜೆಂಟ್ ಅನ್ನೋರು ಇದಕ್ಕೆ ಏನು ಹೇಳ್ತಾರೋ!

ಕೆಜಿಎಫ್ ನಕ್ಷೆ ಹರಡಿ ನೋಡಿ. ಬಂಗಾರಪೇಟೆಯ ಹಳೇ ಹೆಸರು ಬೌರಿಂಗ್‌ಪೇಟೆ. ಬೌರಿಂಗ್ ಅಂದರೆ ಮೈಸೂರಿನ ಚೀಫ್ ಕಮಿಷನರ್ ಆಗಿದ್ದವನು. ಅಲ್ಲಿಂದ ಮುಂದೆ ಕೋರಮಂಡಲ್, ಉರಿಗಾಂ, ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ, ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ. ಇದರಲ್ಲಿ ಒಂದಾದರೂ ಸಂತರ ಹೆಸರು ಇದೆಯೇ? ಕಂಪನಿಗೆ ಕಾಣುತ್ತಿದ್ದದ್ದು ಚಿನ್ನದ ರೀಫು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ಕರೆಂಟು ಬಂತು, ಚಿನ್ನ ತೆಗೆಯೋಕೆ. ತೆಗೆದ ಚಿನ್ನದ ರಾಯಧನ ಮೈಸೂರು ಮಹಾರಾಜರ ಖಜಾನೆಗೂ ಹೋಗುತ್ತಿತ್ತು. ಕೂಲಿಯ ಆತ್ಮ ಯಾವ ಲೋಕಕ್ಕೆ ಹೋಗುತ್ತೆ ಅನ್ನೋದು ಲಂಡನ್ನಿನ ಷೇರುದಾರರ ತಲೆನೋವಾಗಿರಲಿಲ್ಲ.

ಈಗ ಅಕ್ಕಿಯ ಪ್ರಶ್ನೆಗೆ ಬರೋಣ. ಇದನ್ನು ನಗಾಡಿ ತಳ್ಳಿಹಾಕೋಕೆ ಆಗಲ್ಲ, ಯಾಕೆಂದರೆ ಅದರ ಬೇರು ನಮ್ಮ ಜಿಲ್ಲೆಯಲ್ಲೇ ಇದೆ. 1876-78ರ ದೊಡ್ಡ ಬರ. 1871ರ ಜನಗಣತಿಯಲ್ಲಿ ಮೈಸೂರು ರಾಜ್ಯದ ಜನಸಂಖ್ಯೆ 50.55 ಲಕ್ಷ ಇತ್ತು. 1881ರಲ್ಲಿ 41.86 ಲಕ್ಷ. ಹತ್ತು ವರ್ಷದಲ್ಲಿ ಹುಟ್ಟಿದವರನ್ನೂ ಸೇರಿಸಿಕೊಂಡು ಎಂಟೂವರೆ ಲಕ್ಷಕ್ಕೂ ಹೆಚ್ಚು ಜನ ಕಮ್ಮಿ. ಆಗ ಮೈಸೂರು ನೇರವಾಗಿ ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು. ಕೋಲಾರದಲ್ಲಿ ಲೂಯಿಸಾ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ ಬರದಲ್ಲಿ ಅನಾಥರಾದ ಮಕ್ಕಳನ್ನು ಸಾಕಿದರು. ಮುಂದೆ 1890ರಲ್ಲಿ ಆ ಕೆಲಸವನ್ನು ಅಮೆರಿಕನ್ ಮೆಥಡಿಸ್ಟರಿಗೆ ಒಪ್ಪಿಸಿದರು. ಆ ಮಕ್ಕಳು ಕ್ರೈಸ್ತರಾಗಿ ಬೆಳೆದರು. ಅವರು ತಾವಾಗಿ ಆಯ್ಕೆ ಮಾಡಿದರು ಅಂತ ನಾನು ವಾದ ಮಾಡಲ್ಲ. ಮಗುವಿಗೆ ಆಯ್ಕೆ ಎಲ್ಲಿರುತ್ತೆ? ಸಾಕಿದವರ ಧರ್ಮ ಮಗುವಿಗೆ ಬಂತು. ಆದರೆ ಹೆತ್ತವರು ಸತ್ತು ರಸ್ತೆಗೆ ಬಿದ್ದ ಮಗುವಿಗೆ ಗಂಜಿ ಕೊಟ್ಟವಳ ಮೇಲೆ ಮೊಕದ್ದಮೆ ಹೂಡುವ ಮೊದಲು, ಆ ಮಗು ರಸ್ತೆಗೆ ಬಿದ್ದದ್ದು ಯಾಕೆ, ಊರಲ್ಲಿ ಕಣಜ ಇದ್ದವರು ಎಲ್ಲಿದ್ದರು, ಸರ್ಕಾರ ಏನು ಮಾಡುತ್ತಿತ್ತು ಅಂತಲೂ ಕೇಳಬೇಕು. ಫಾರ್ವರ್ಡುಗಳು ಇದನ್ನು ಕೇಳೋದಿಲ್ಲ.

ಅದೇ ಬರದ ಕಾಲದ ಇನ್ನೊಂದು ಸಂಗತಿ ತೆಲುಗು ಸೀಮೆಯದು. ಒಂಗೋಲಿನ ಸುತ್ತ ಮಾದಿಗ ಸಮುದಾಯದಲ್ಲಿ ದೊಡ್ಡ ಚಳವಳಿ ಎದ್ದಿತ್ತು. ಅದನ್ನು ಹಬ್ಬಿಸಿದವರು ಯರ್ರಗುಂಟ್ಲ ಪೇರಯ್ಯ ಎಂಬ ಚರ್ಮದ ವ್ಯಾಪಾರಿ, ಅದೇ ಸಮುದಾಯದವರು. ಬರದಲ್ಲಿ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲೋ ಬಕಿಂಗ್‌ಹ್ಯಾಂ ಕಾಲುವೆ ತೋಡುವ ಗುತ್ತಿಗೆ ಹಿಡಿದು ಸಾವಿರಾರು ಜನಕ್ಕೆ ಕೂಲಿ ಕೊಟ್ಟ. ಆದರೆ ಪರಿಹಾರ ನಡೆಯುತ್ತಿದ್ದಷ್ಟು ದಿನ ಯಾರಿಗೂ ದೀಕ್ಷಾಸ್ನಾನ ಕೊಡಲಿಲ್ಲ. ಅನ್ನಕ್ಕೆ ಬಂದರು ಅನ್ನೋ ಮಾತು ಬರಬಾರದು ಅಂತ. ಪರಿಹಾರ ನಿಂತಿತು, ಜನ ನಿಲ್ಲಲಿಲ್ಲ. 1878ರ ಜುಲೈ 3ರಂದು ಒಂದೇ ದಿನ 2,222 ಜನ ದೀಕ್ಷಾಸ್ನಾನ ಪಡೆದರು. ಕೊಡುವ ಅಕ್ಕಿ ನಿಂತ ಮೇಲೆ ಬಂದವರನ್ನು ಅಕ್ಕಿ ಕ್ರೈಸ್ತರು ಅನ್ನೋದು ಹೇಗೆ?

ಇನ್ನೂ ಆಳಕ್ಕೆ ಹೋದರೆ ಈ ‘ಅನ್ನಕ್ಕೋ ದೇವರಿಗೋ’ ಅನ್ನೋ ಪ್ರಶ್ನೆಯೇ ಸೊಟ್ಟ. ರೂಪಾ ವಿಶ್ವನಾಥ್ ಅವರು 2014ರ ‘ದಿ ಪರಾಯ ಪ್ರಾಬ್ಲಂ’ ಪುಸ್ತಕದಲ್ಲಿ ಮದ್ರಾಸ್ ಪ್ರಾಂತ್ಯದ ದಲಿತರ ಬಗ್ಗೆ ಇದನ್ನೇ ಬಿಡಿಸಿ ಬರೆದಿದ್ದಾರೆ. ಎಷ್ಟೋ ಕಡೆ ಜನರೇ ಮಿಷನರಿಗಳನ್ನು ಹುಡುಕಿಕೊಂಡು ಹೋದರು. ಮಿಷನರಿಗಳೇ ಅನುಮಾನದಿಂದ ನೋಡಿದರು: ಇವರಿಗೆ ಬೇಕಾದದ್ದು ಯೇಸುವೋ, ಜಮೀನ್ದಾರನ ಎದುರು ನಿಲ್ಲೋಕೆ ಒಬ್ಬ ದೊರೆಯೋ ಅಂತ. ಹೊಟ್ಟೆ ಬೇರೆ, ಆತ್ಮ ಬೇರೆ ಅನ್ನೋ ಈ ವಿಂಗಡಣೆ ಮಿಷನರಿಗಳ ತಲೆಯಲ್ಲೂ ಇತ್ತು, ಕೂಲಿಯಾಳು ಕೈತಪ್ಪಿ ಹೋಗ್ತಾನೆ ಅಂತ ಹೆದರಿದ ಭೂಮಾಲೀಕರ ಬಾಯಲ್ಲೂ ಇತ್ತು. ಜೀತದಲ್ಲಿರುವವನಿಗೆ ಬಿಡುಗಡೆ ಅನ್ನೋದು ಹೊಟ್ಟೆಯ ವಿಷಯವೋ ಆತ್ಮದ ವಿಷಯವೋ? ಮೇಲ್ಜಾತಿಯವರು ಮಗು ಆಗಲಿ ಅಂತ, ಪ್ರಮೋಷನ್ ಸಿಗಲಿ ಅಂತ ಹರಕೆ ಹೊತ್ತರೆ ಅದು ಭಕ್ತಿ. ದಲಿತ ಮಾನ ಸಿಗಲಿ ಅಂತ ದೇವರನ್ನು ಬದಲಿಸಿದರೆ ಅದು ವ್ಯಾಪಾರವೇ?

ಗಣಿಯ ಜನ ಯೋಚನೆ ಮಾಡಿ ಆರಿಸಿಕೊಂಡರು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ, ಮಾರಿಕುಪ್ಪಂ ಸಾಕು. ಅಯೋತಿದಾಸ ಪಂಡಿತರು 1898ರಲ್ಲಿ ಸಿಂಹಳಕ್ಕೆ ಹೋಗಿ ಬೌದ್ಧ ದೀಕ್ಷೆ ಪಡೆದು ಮದ್ರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. ಅದರ ಬಹಳ ಗಟ್ಟಿ ಶಾಖೆಗಳು ಬೆಳೆದದ್ದು ಇಲ್ಲಿ, ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್‌ನ ಗಣಿ ಕಾರ್ಮಿಕರ ನಡುವೆ. ಅವರ ಪುಸ್ತಕಗಳು ಇಲ್ಲಿಯ ಸಿದ್ಧಾರ್ಥ ಮುದ್ರಣಾಲಯದಲ್ಲಿ ಅಚ್ಚಾದವು. ಅವರು 1907ರಲ್ಲಿ ಶುರು ಮಾಡಿದ್ದ ‘ತಮಿಳನ್’ ಪತ್ರಿಕೆಯನ್ನು ಅವರು ತೀರಿಕೊಂಡ ಮೇಲೆ, 1920ರ ದಶಕದಲ್ಲಿ, ಅಪ್ಪಾದುರೈ ಅವರು ಇಲ್ಲಿಂದಲೇ ಹೊರತಂದರು. ಅಂಬೇಡ್ಕರ್ ನಾಗಪುರದಲ್ಲಿ ಬೌದ್ಧರಾಗಿದ್ದು 1956ರಲ್ಲಿ. ಅದಕ್ಕೆ ಅರ್ಧ ಶತಮಾನ ಮೊದಲೇ ನಮ್ಮ ಗಣಿಯ ಲೈನ್‌ಗಳಲ್ಲಿ ಬುದ್ಧನ ಹೆಸರಿತ್ತು.

ಅಂದರೆ ನೋಡಿ, ಒಂದೇ ಗಣಿ, ಒಂದೇ ಕೂಲಿ, ಒಂದೇ ಜಾತಿಯ ಜನ. ಒಬ್ಬ ಮಾರಿಯಮ್ಮನಿಗೆ ನಡೆದುಕೊಂಡ. ಇನ್ನೊಬ್ಬ ಬುದ್ಧ ವಿಹಾರಕ್ಕೆ ಹೋದ. ಮತ್ತೊಬ್ಬ ಚಾಂಪಿಯನ್ ರೀಫ್ಸ್‌ನ ವಿಜಯಮಾತೆಯ ಚರ್ಚಿಗೆ ಹೋದ. ಬುದ್ಧನ ಕಡೆ ಹೋದವನಿಗೆ ಯಾರು ಅಕ್ಕಿ ಕೊಟ್ಟರು? ಬೌದ್ಧನಾದವನು ವಿಚಾರವಂತ, ಕ್ರೈಸ್ತನಾದವನು ಹೊಟ್ಟೆಬಾಕ ಅಂತ ವಿಂಗಡಿಸೋಕೆ ಯಾವ ಆಧಾರ ಇದೆ? ಬಂದ ಊರು ಒಂದೇ, ಪಟ್ಟ ಅವಮಾನ ಒಂದೇ, ಹುಡುಕುತ್ತಿದ್ದದ್ದೂ ಬಹುಶಃ ಒಂದೇ. ಸಿಕ್ಕ ಉತ್ತರ ಬೇರೆ ಬೇರೆ. ಅಲ್ಲದೆ ಎಷ್ಟೋ ಜನ ಇಲ್ಲಿಗೆ ಬರುವ ಮೊದಲೇ ಕ್ರೈಸ್ತರಾಗಿದ್ದಿರಬಹುದು. ಅವರು ಬಂದ ಜಿಲ್ಲೆಗಳಲ್ಲಿ ಫ್ರೆಂಚರ, ಅಮೆರಿಕನ್ನರ ಮಿಷನ್ನುಗಳು ಗಣಿಗಿಂತ ಹಳೆಯವು.

ಒಬ್ಬ ದೊಡ್ಡವನು ಮಾಡಿದ, ಸಣ್ಣವರು ಹಿಂದೆ ಹೋದರು ಅನ್ನೋ ಈ ರೋಗ ಕೆಜಿಎಫ್‌ಗೆ ಮಾತ್ರ ಅಂಟಿದ್ದಲ್ಲ. ಓದಿದ ಹುಡುಗರು ಈಗ ಇಂಗ್ಲಿಷ್ ಕಾದಂಬರಿ, ಯೂಟ್ಯೂಬು ನೋಡಿ ಇನ್ನೊಂದು ಹೇಳ್ತಾರೆ: ಕ್ರೈಸ್ತ ಧರ್ಮವನ್ನು ಕಟ್ಟಿದ್ದೇ ಕಾನ್‌ಸ್ಟಂಟೀನ್ ಚಕ್ರವರ್ತಿ, 325ರಲ್ಲಿ ನೈಸಿಯಾದಲ್ಲಿ ಸಭೆ ಕರೆದು ವೋಟು ಹಾಕಿಸಿ ಬೈಬಲ್ ಆರಿಸಿದ ಅಂತ. ನೈಸಿಯಾ ಸಭೆಯ 20 ನಿಯಮಗಳು ಇವತ್ತಿಗೂ ಸಿಗ್ತವೆ. ಅದರಲ್ಲಿ ಬೈಬಲ್ಲಿನ ಪುಸ್ತಕಗಳ ಪಟ್ಟಿಯೇ ಇಲ್ಲ. ಅಲ್ಲಿ ನಡೆದದ್ದು ಆರಿಯಸ್ಸನ ಬೋಧನೆಯ ಮೇಲಿನ ವಾದ, ಈಸ್ಟರ್ ಹಬ್ಬದ ದಿನದ ಲೆಕ್ಕ, ಚರ್ಚಿನ ಶಿಸ್ತು. ಹೊಸ ಒಡಂಬಡಿಕೆಯ 27 ಪುಸ್ತಕಗಳ ಪಟ್ಟಿ ಅದೇ ರೂಪದಲ್ಲಿ ಕಾಣಿಸೋದು 367ರಲ್ಲಿ, ಅಥನಾಸಿಯಸ್ ಬರೆದ ಪತ್ರದಲ್ಲಿ. ಚಕ್ರವರ್ತಿ ಬರುವ ಹೊತ್ತಿಗೆ ಆ ಧರ್ಮಕ್ಕೆ ಮುನ್ನೂರು ವರ್ಷ ವಯಸ್ಸಾಗಿತ್ತು. 303ರಿಂದ ನಡೆದ ದೊಡ್ಡ ಹಿಂಸೆಯನ್ನೂ ಅದು ದಾಟಿ ಬಂದಿತ್ತು.

ಆ ಮುನ್ನೂರು ವರ್ಷ ಅದನ್ನು ಹೊತ್ತವರು ಯಾರು? ಸುಮಾರು ಕ್ರಿ.ಶ. 112ರಲ್ಲಿ ಪ್ಲಿನಿ ಎಂಬ ರೋಮನ್ ಅಧಿಕಾರಿ ಕ್ರೈಸ್ತರ ಗುಟ್ಟು ತಿಳಿಯೋಕೆ ಇಬ್ಬರು ಹೆಂಗಸರಿಗೆ ಚಿತ್ರಹಿಂಸೆ ಕೊಟ್ಟೆ ಅಂತ ಚಕ್ರವರ್ತಿಗೆ ಬರೆಯುತ್ತಾನೆ. ಅವರಿಬ್ಬರೂ ದಾಸಿಯರು. ಅವರ ಸಭೆಯಲ್ಲಿ ಸೇವೆಯ ಹುದ್ದೆ ಇದ್ದವರು. ಅದೇ ಶತಮಾನದಲ್ಲಿ ಸೆಲ್ಸಸ್ ಎಂಬ ಪಂಡಿತ ಗೇಲಿ ಮಾಡಿದ: ಇದು ಹೆಂಗಸರು, ಮಕ್ಕಳು, ಗುಲಾಮರು, ಬುದ್ಧಿ ಇಲ್ಲದವರ ಮತ ಅಂತ. ಓದಿದಾಗ ನನಗೆ ನಗು ಬಂತು. ಬಂಗಾರಪೇಟೆಯ ಟೀ ಅಂಗಡಿಯ ಮಾತು ಹದಿನೆಂಟು ಶತಮಾನಕ್ಕೂ ಹಳೇದು! ಕೀಳು ಕೆಲಸ ಮಾಡುವವನು ನಂಬಿದ ಅಂದರೆ ಅದಕ್ಕೆ ಏನೋ ಲೋಭ ಇರಬೇಕು, ಇಲ್ಲ ಪೆದ್ದುತನ ಇರಬೇಕು ಅನ್ನೋದು ಮೇಲೆ ಕೂತವರ ಹಳೇ ಚಾಳಿ.

ಇನ್ನು ನಮ್ಮವರ ಸ್ಮರಣ ಸಂಚಿಕೆಗಳ ವಿಷಯ. ಚರ್ಚಿಗೆ ಬಂದ ಮೇಲೆ ಜಾತಿ ಹೋಯ್ತು ಅಂತ ಬರೆಯುತ್ತಾರೆ. ಹೋಗಲಿಲ್ಲ. ತಮಿಳು ನಾಡಿನ ಆಂಗ್ಲಿಕನ್ ಚರ್ಚುಗಳಲ್ಲಿ ಜಾತಿಗೊಂದು ಕಡೆ ಕೂರುವುದನ್ನು ನಿಲ್ಲಿಸಬೇಕು ಅಂತ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲೇ ಆದೇಶ ಹೊರಡಿಸಬೇಕಾಯಿತು. ಅದನ್ನು ವಿರೋಧಿಸಿದವರೂ ಕ್ರೈಸ್ತರೇ. ಮದುವೆ ವಿಚಾರ ಬಂದಾಗ ಜಾತಿ ಇವತ್ತಿಗೂ ಬಾಗಿಲ ಹಿಂದೆ ನಿಂತಿರುತ್ತೆ. ಗಣಿಯಲ್ಲಂತೂ ಬಿಳಿಯರಿಗೆ ಬಂಗಲೆ, ಕ್ಲಬ್ಬು. ಕೂಲಿಗೆ ತಟ್ಟಿ ಗೋಡೆಯ ಲೈನ್ ಮನೆ. ಇಬ್ಬರೂ ನಂಬಿದ ದೇವರು ಒಬ್ಬನೇ ಆದರೂ ಮನೆ ಬದಲಾಗಲಿಲ್ಲ. ಇಷ್ಟನ್ನೂ ಮುಚ್ಚಿಟ್ಟು ‘ಲಿಟಲ್ ಇಂಗ್ಲೆಂಡ್’ ಅಂತ ಹಾಡಿ ಹೊಗಳುವ ಹಳೇ ನೆನಪುಗಳು ನನಗೆ ರುಚಿಸೋದಿಲ್ಲ. ಗೋವಾದಲ್ಲಿ 1560ರಲ್ಲಿ ಬಂದ ಇನ್‌ಕ್ವಿಸಿಷನ್ ಕೂಡ ಕ್ರೈಸ್ತ ಚರಿತ್ರೆಯೇ. ಸಮರ್ಥನೆ ಅಂದರೆ ಕಸವನ್ನು ಚಾಪೆ ಕೆಳಗೆ ತಳ್ಳೋದಲ್ಲ.

ನಾನು ನೋಡಿದ ಸಂಚಿಕೆಗಳಲ್ಲಿ 1930ರ ಮುಷ್ಕರದ ಬಗ್ಗೆ ಒಂದು ಸಾಲೂ ಇಲ್ಲ. ಆ ವರ್ಷ ಕಂಪನಿ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಣಿ ಮಾಡಲು ಹೊರಟಿತು. ನಾವೇನು ಕಳ್ಳರಾ ಅಂತ ಸಾವಿರಾರು ಜನ ಕೆಲಸಕ್ಕೆ ಇಳಿಯಲಿಲ್ಲ. ಗಣಿ ವಾರಗಟ್ಟಲೆ ನಿಂತಿತು. ಜಾನಕಿ ನಾಯರ್ ಅವರ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ (1998) ಓದಿದರೆ ಈ ಜನರ ಧೈರ್ಯ ಗೊತ್ತಾಗುತ್ತೆ. ಆ ಜನರಲ್ಲಿ ಭಾನುವಾರ ಪೂಜೆಗೆ ಹೋಗುತ್ತಿದ್ದವರೂ ಇದ್ದರು, ವಿಹಾರಕ್ಕೆ ಹೋಗುತ್ತಿದ್ದವರೂ ಇದ್ದರು. ಕಂಪನಿಯ ಪುಸ್ತಕಕ್ಕೆ ಅವರ ಹೆಬ್ಬೆಟ್ಟು ಬೇಕಿತ್ತು. ಚರ್ಚಿನ ಜ್ಞಾನಸ್ನಾನದ ಪುಸ್ತಕದಲ್ಲಿ ಅವರಿಗೆ ಒಂದು ಹೆಸರಿತ್ತು, ಅಪ್ಪ ಅಮ್ಮನ ಹೆಸರಿತ್ತು. ಕಲ್ಲು ಸಿಡಿದು ಸತ್ತರೆ ಶಿಲುಬೆ ನೆಟ್ಟ ಒಂದು ಗೋರಿ ಇತ್ತು. ಊರ ಹೊರಗೆ ಹೆಸರಿಲ್ಲದೆ ಬದುಕಿದ ಮನೆತನಕ್ಕೆ ಇದು ಎಷ್ಟು ದೊಡ್ಡದು ಅಂತ ಶಾಲೆ ಆಸ್ಪತ್ರೆಗಳ ಪಟ್ಟಿ ಹೇಳಲ್ಲ.

ಸಿನಿಮಾಗಳೂ ಈ ಮರೆವಿಗೆ ಕೈಜೋಡಿಸಿವೆ. 2018 ಮತ್ತು 2022ರ ‘ಕೆಜಿಎಫ್’ ಚಿತ್ರಗಳಲ್ಲಿ ಗಣಿಯ ಜನ ಬಾಯಿಲ್ಲದ ಗುಲಾಮರು, ರಕ್ಷಕನಿಗೆ ಕಾಯುವವರು. ಚಿತ್ರ ನೋಡಿ ಬಂದವರು ನಿಜವಾದ ಕೆಜಿಎಫ್‌ನಲ್ಲೂ ಅದನ್ನೇ ಹುಡುಕ್ತಾರೆ. ಸೈನೈಡ್ ದಿಬ್ಬದ ಮೇಲೆ ಸೆಲ್ಫಿ ತಗೊಂಡು ಹೋಗ್ತಾರೆ. ಪಾ. ರಂಜಿತ್ ಅವರ ‘ತಂಗಲಾನ್’ (2024) ಈ ವಿಷಯದಲ್ಲಿ ಎಷ್ಟೋ ಮೇಲು. ಅದರ ಜನ ದೇವರ ಬಗ್ಗೆ, ಭೂಮಿಯ ಬಗ್ಗೆ ಜಗಳ ಆಡ್ತಾರೆ. ಅಲ್ಲಿ ಬುದ್ಧನಿದ್ದಾನೆ, ನಾಮ ಇಟ್ಟು ವೈಕುಂಠ ನಂಬಿದವನೂ ಇದ್ದಾನೆ. ಯೇಸುವನ್ನು ಆರಿಸಿಕೊಂಡವನ ಕತೆ ಮಾತ್ರ ಇನ್ನೂ ಯಾರ ಕೈಗೂ ಸಿಕ್ಕಿಲ್ಲ.

ಇದೆಲ್ಲ ಬರೀ ಹಳೇ ಕತೆ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. 1950ರ ಪರಿಶಿಷ್ಟ ಜಾತಿ ಆದೇಶದ ಮೂರನೇ ಪ್ಯಾರಾ ಪ್ರಕಾರ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಾಗಲಾರ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರೂ ಮುಸಲ್ಮಾನರೂ ಹೊರಗೇ ಉಳಿದರು. ಅಂದರೆ ಒಂದೇ ಲೈನಿನ ಅಣ್ಣತಮ್ಮಂದಿರ ಮಕ್ಕಳಲ್ಲಿ ಬೌದ್ಧನಿಗೆ ಆ ಸರ್ಟಿಫಿಕೇಟು ಸಿಗುತ್ತೆ, ಕ್ರೈಸ್ತನಿಗೆ ಸಿಗಲ್ಲ. ಕೆಜಿಎಫ್, ಬಂಗಾರಪೇಟೆ ಎರಡೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಜಾತಿಗೆ ಮೀಸಲು. ಅಲ್ಲಿ ಅವನು ವೋಟು ಹಾಕಬಹುದು, ಚುನಾವಣೆಗೆ ನಿಲ್ಲೋ ಹಾಗಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅವತ್ತಿಂದ ಈ ಜನ ಬೆಳಿಗ್ಗೆ ಕತ್ತಲಿರುವಾಗಲೇ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೋಗ್ತಾರೆ. ಲಾಭಕ್ಕೆ ಕ್ರೈಸ್ತನಾದ ಅಂತೀರಿ. ಹಾಗಾದರೆ ಇಷ್ಟು ನಷ್ಟ ಇಟ್ಟುಕೊಂಡು ಎಪ್ಪತ್ತು ವರ್ಷದಿಂದ ಅವನು ಯಾಕೆ ಕ್ರೈಸ್ತನಾಗೇ ಉಳಿದಿದ್ದಾನೆ? ಈ ಪ್ರಶ್ನೆಗೆ ಟೀ ಅಂಗಡಿಯ ಕತೆಯಲ್ಲಿ ಉತ್ತರ ಇಲ್ಲ.

ಉತ್ತರ ಅವರ ಹತ್ತಿರವೇ ಇದೆ, ಕೇಳಿದವರು ಕಮ್ಮಿ. ಚರ್ಚುಗಳಿಗೆ ನನ್ನ ಒಂದು ಬೇಡಿಕೆ. ಮುಂದಿನ ಸಂಚಿಕೆಯಲ್ಲಿ ಬಿಷಪರ ಫೋಟೋ ಒಂದು ಕಮ್ಮಿ ಆದರೂ ಪರವಾಗಿಲ್ಲ. ಹಳೇ ಜ್ಞಾನಸ್ನಾನದ, ಮದುವೆಯ, ಮಣ್ಣಿನ ದಾಖಲೆ ಪುಸ್ತಕಗಳನ್ನು ಗೆದ್ದಲು ತಿನ್ನುವ ಮೊದಲು ತೆಗೆದು ಕುಟುಂಬದವರ ಒಪ್ಪಿಗೆ ಪಡೆದು ನಕಲು ಮಾಡಿಸಿ. ಯಾವ ಊರಿಂದ ಬಂದರು, ಯಾವ ಶಾಫ್ಟಿನಲ್ಲಿ ಕೆಲಸ ಮಾಡಿದರು, ಯಾವ ವಯಸ್ಸಿನಲ್ಲಿ ಸತ್ತರು ಅಂತ ಮನೆಯ ಹಿರಿಯರನ್ನು ಕೂರಿಸಿ ಕೇಳಿ ಬರೆದುಕೊಳ್ಳಿ. ಚಾಂಪಿಯನ್ ರೀಫ್ಸ್‌ನ ಬೌದ್ಧ ಮನೆಗಳಿಗೂ ಹೋಗಿ ಕೇಳಿ, ಅವರ ಕತೆ ಇಲ್ಲದೆ ನಮ್ಮದು ಅರ್ಧ. ಫಾರ್ವರ್ಡ್ ಕಳಿಸುವವರಿಗೂ ಒಂದು ಬೇಡಿಕೆ. ಕಳಿಸುವ ಮೊದಲು ನಿಮ್ಮ ಪಕ್ಕದ ಸೀಟಿನಲ್ಲಿ ಟಿಫನ್ ಬ್ಯಾಗು ತಬ್ಬಿಕೊಂಡು ತೂಕಡಿಸುತ್ತಿರುವ ಆರೋಗ್ಯಮೇರಿಯನ್ನೋ ಅಂತೋಣಿಯನ್ನೋ ಒಮ್ಮೆ ಮಾತಾಡಿಸಿ. ಬಂಗಾರಪೇಟೆಯಿಂದ ಬೆಂಗಳೂರಿಗೆ ಸಾಕಷ್ಟು ಹೊತ್ತು ಇದೆ.